ಗರಿ ಸಿಕ್ಕಿದರೆ ಬಣ್ಣವನ್ನು ಕೊನೆಗೆ ನೋಡಿ

ಗುಡ್ಡದ ಪಳ್ಳದ (ಮಳೆನೀರು ನಿಲ್ಲುವ ಹೊಂಡದ) ಬದಿಯಲ್ಲೋ ಅಡಿಕೆ ತೋಟದ ಸೋಗೆಯ ನಡುವೆಯೋ ಒಂದು ಗರಿ ಸಿಕ್ಕಿದರೆ ಹೆಚ್ಚಿನವರು ಅದರ ಬಣ್ಣ ನೋಡಿ ಹಕ್ಕಿಯ ಹೆಸರು ಹೇಳಲು ಹೊರಡುತ್ತಾರೆ. ಎಡವುವುದು ಅಲ್ಲೇ. ಕೊಳದ ಬಕ ಗದ್ದೆಯ ಹುಣಿಯಲ್ಲಿ ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಅಚ್ಚ ಬಿಳಿ, ಮಳೆಗಾಲದ ಹೊತ್ತಿಗೆ ಬೆನ್ನು ಕಡುಗೆಂಪು. ಮೂರು ಬಣ್ಣದ ಗರಿಯೂ ಒಂದೇ ಹಕ್ಕಿಯದ್ದು. ನೀಲಕಂಠದ ರೆಕ್ಕೆಯ ಗರಿಯನ್ನು ಬೆಳಕಿಗೆ ಅಡ್ಡ ಹಿಡಿದರೆ ನೀಲಿಯೇ ಮಾಯ. ಆದ್ದರಿಂದ ಮೊದಲು ಗರಿಯ ಆಕಾರ, ಆಮೇಲೆ ಅದು ಮೈಯ ಯಾವ ಜಾಗದ್ದು, ಆಮೇಲೆ ಅದರ ಸವೆತ ಮತ್ತು ತಿಂಗಳು, ಬಣ್ಣ ಕೊನೆಗೆ. ಈ ಕ್ರಮ ಹಿಡಿದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ನೀಲೇಶ್ವರದವರೆಗೆ ಸಿಗುವ ಹೆಚ್ಚಿನ ಗರಿಗಳನ್ನು ಕನಿಷ್ಠ ಹಕ್ಕಿಯ ಗುಂಪಿನ ಮಟ್ಟಕ್ಕಾದರೂ ಗುರುತಿಸಬಹುದು.

ಎತ್ತಿಕೊಳ್ಳುವ ಮೊದಲು

ಕಾಡುಹಕ್ಕಿಯ ಗರಿಯನ್ನು ಮನೆಗೆ ತಂದು ಕೂಡಿಡುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಇದೆ, ಹೊರದೇಶಕ್ಕೆ ಕಳುಹಿಸುವಂತಿಲ್ಲ. ಊರಕೋಳಿ, ಸಾಕಿದ ಪಾರಿವಾಳ, ಬಾತುಕೋಳಿಗಳ ಗರಿಗೆ ತೊಂದರೆಯಿಲ್ಲ. ಉಳಿದದ್ದನ್ನು ಸಿಕ್ಕಿದಲ್ಲೇ ಅಳೆದು, ಫೋಟೋ ತೆಗೆದು, ಅಲ್ಲೇ ಬಿಟ್ಟುಬಿಡಿ. ಫೋಟೋ ಸರಿಯಾಗಿದ್ದರೆ ಗರಿ ಕೈಯಲ್ಲಿರಬೇಕಾಗಿಲ್ಲ.

ಸತ್ತ ಹಕ್ಕಿಯ ಮೈಯಿಂದ ಗರಿ ಕೀಳಬೇಡಿ. ಒಂದೇ ಜಾಗದಲ್ಲಿ ಕಾಗೆಯೋ ಕೋಳಿಯೋ ನಾಲ್ಕಾರು ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಮೃಗಾಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಉದುರಿದ ಗರಿಯನ್ನು ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯಿರಿ.

ಬೇಕಾದ ಸಾಮಾನು ಸ್ವಲ್ಪವೇ: 30 ಸೆಂ.ಮೀ. ಸ್ಕೇಲು, ಗ್ರಾಫ್ ಕಾಗದದ ಒಂದು ಹಾಳೆ, 10 ಪಟ್ಟು ದೊಡ್ಡದು ತೋರಿಸುವ ಕೈಮಸೂರ, ಮೊಬೈಲು. ಗರಿಯನ್ನು ಗ್ರಾಫ್ ಹಾಳೆಯ ಮೇಲಿಟ್ಟು ಮೇಲ್ಮೈ, ಅಡಿಮೈ ಎರಡನ್ನೂ ತೆಗೆಯಿರಿ. ಮೂರನೆಯದನ್ನು ಗರಿಯ ಹಿಂದಿನಿಂದ ಬೆಳಕು ಬರುವಂತೆ ತೆಗೆಯಿರಿ. ಈ ಮೂರನೇ ಫೋಟೋವನ್ನೇ ಎಲ್ಲರೂ ಮರೆಯುವುದು, ಕೊನೆಗೆ ಬೇಕಾಗುವುದೂ ಅದೇ. ನೆರಳಲ್ಲಿ ತೆಗೆಯಿರಿ. ನೆತ್ತಿಯ ಮೇಲಿನ ಬಿಸಿಲಲ್ಲಿ ಬಿಳಿಗರಿಯ ಎಳೆಗಳು ಕಾಣುವುದೇ ಇಲ್ಲ.

ಗರಿಯ ಅಂಗಾಂಗ

ನಡುವಿನ ಗಟ್ಟಿ ಕಡ್ಡಿ ದಂಡು. ಚರ್ಮದೊಳಗೆ ಇರುವ ಟೊಳ್ಳು ಭಾಗ ಬುಡ. ದಂಡಿನ ಎರಡು ಬದಿಗೆ ಹರಡಿದ್ದು ಅಲಗು. ಅಲಗು ಒಂದೇ ಹಾಳೆಯಂತೆ ಕಂಡರೂ ಅದು ನೂರಾರು ಎಳೆಗಳ ಸಾಲು. ಪ್ರತಿ ಎಳೆಯಿಂದ ಎರಡೂ ಕಡೆಗೆ ಕಿರುಎಳೆಗಳು ಹೊರಡುತ್ತವೆ. ತುದಿಯ ಕಡೆಗೆ ಮುಖ ಮಾಡಿದ ಕಿರುಎಳೆಗಳಲ್ಲಿ ಸಣ್ಣ ಕೊಕ್ಕೆಗಳಿದ್ದು, ಅವು ಪಕ್ಕದ ಎಳೆಯ ಕಿರುಎಳೆಗಳನ್ನು ಹಿಡಿದುಕೊಳ್ಳುತ್ತವೆ. ಕೈಮಸೂರದಲ್ಲಿ ಎಳೆ, ಕಿರುಎಳೆಗಳು ಕಾಣುತ್ತವೆ. ಕೊಕ್ಕೆ ನೋಡಲು ಶಾಲೆಯ ಮೈಕ್ರೋಸ್ಕೋಪು ಬೇಕು.

ಮೊದಲ ಪರೀಕ್ಷೆ ಇಲ್ಲೇ. ಅಲಗನ್ನು ಮೆಲ್ಲಗೆ ಒಂದು ಕಡೆ ಬಿಡಿಸಿ, ಬುಡದಿಂದ ತುದಿಗೆ ಬೆರಳಲ್ಲಿ ಸವರಿ. ಮತ್ತೆ ಕೂಡಿಕೊಂಡರೆ ಕೊಕ್ಕೆ ಸರಿಯಾಗಿದೆ, ಗರಿ ಹೊಸತು ಅಥವಾ ಚೆನ್ನಾಗಿ ಉಳಿದದ್ದು. ಎಷ್ಟು ಸವರಿದರೂ ಬಾಯಿಬಿಟ್ಟೇ ಇದ್ದರೆ ವರ್ಷವಿಡೀ ದುಡಿದು ಉದುರಿದ ಗರಿ. ಮೊದಲಿನಿಂದಲೇ ಕೊಕ್ಕೆ ಇಲ್ಲದ ಗರಿಗಳೂ ಇವೆ. ತುಪ್ಪುಳದ ಕೆಲಸ ಗಾಳಿಯನ್ನು ಹಿಡಿದಿಟ್ಟು ಮೈಯ ಕಾವು ಉಳಿಸುವುದಾದ್ದರಿಂದ ಅದರ ಎಳೆಗಳು ಬಿಡಿಬಿಡಿ. ಬೆಳ್ಳಕ್ಕಿ ಮರಿ ಮಾಡುವ ಕಾಲದಲ್ಲಿ ಬೆನ್ನಿನ ಮೇಲೆ ತಳೆಯುವ ಜಾಲರಿ ಗರಿಗಳೂ ಹಾಗೆಯೇ. ಯುರೋಪಿನ ಹೆಂಗಸರ ಟೋಪಿಗೆಂದು ಇವುಗಳ ವ್ಯಾಪಾರ ಎಷ್ಟು ಜೋರಾಗಿತ್ತೆಂದರೆ, 1902ರಲ್ಲಿ ಬ್ರಿಟಿಷ್ ಸರಕಾರವೇ ಭಾರತದಿಂದ ಕಾಡುಹಕ್ಕಿಗಳ ಗರಿ ರಫ್ತು ಮಾಡುವುದನ್ನು ನಿಷೇಧಿಸಬೇಕಾಯಿತು.

ಮೈಯ ಯಾವ ಜಾಗದ್ದು?

ಅಲಗಿನ ಒಂದು ಬದಿ ಕಿರಿದು, ಇನ್ನೊಂದು ಅಗಲವಾಗಿದ್ದರೆ ಹಾರಾಟದ ಗರಿ. ಅಸಮತೆ ಹೆಚ್ಚಿದಷ್ಟೂ ಅದು ರೆಕ್ಕೆಯ ತುದಿಗೆ ಹತ್ತಿರ. ಗಾಳಿಯನ್ನು ಮೊದಲು ಎದುರಿಸುವ ಅಂಚು ಕಿರಿದಾಗಿ, ಬಿಗಿಯಾಗಿ ಇರಬೇಕು, ಇಲ್ಲವಾದರೆ ಗರಿ ತಿರುಚಿಕೊಳ್ಳುತ್ತದೆ. ಎರಡು ಬದಿಗೆ ಅಷ್ಟೇನೂ ವ್ಯತ್ಯಾಸವಿಲ್ಲದೆ, ದಂಡು ಬಾಗಿ, ತುದಿ ಮೊಂಡಾಗಿದ್ದರೆ ಒಳರೆಕ್ಕೆಯದ್ದು. ದಂಡು ನೆಟ್ಟಗಿದ್ದರೆ ಬಾಲದ್ದು. ಬಾಲದ ನಡುವಿನ ಜೋಡಿಯಲ್ಲಿ ಎರಡೂ ಬದಿ ಸಮ, ಹೊರಗೆ ಹೋದಂತೆ ಅಸಮ. ಚಿಕ್ಕ ಗರಿ, ಬುಡದ ಕಡೆ ತುಪ್ಪುಳ, ತುದಿಯಲ್ಲಿ ಮಾತ್ರ ಬಣ್ಣ ಎಂದರೆ ಮೈಯನ್ನು ಮುಚ್ಚುವ ಗರಿ. ಬಣ್ಣ ನೋಡಿ ಮೋಸ ಹೋಗುವುದು ಹೆಚ್ಚಾಗಿ ಇದರಲ್ಲೇ. ಒಂದರ ಮೇಲೊಂದು ಹೊದಿಸಿದ ಗರಿಗಳಲ್ಲಿ ಹೊರಗೆ ಕಾಣುವ ತುದಿಗಷ್ಟೇ ಹಕ್ಕಿ ಬಣ್ಣ ಖರ್ಚು ಮಾಡಿರುತ್ತದೆ, ಉಳಿದದ್ದು ಬೂದಿ.

ಎಡರೆಕ್ಕೆಯೋ ಬಲರೆಕ್ಕೆಯೋ ಎಂದು ತಿಳಿಯಲು ಗರಿಯ ಅಡಿಮೈಯನ್ನು ಗುರುತಿಸಿ: ದಂಡಿನ ಉದ್ದಕ್ಕೂ ಸಣ್ಣ ತೋಡು ಇರುವ ಬದಿಯೇ ಅಡಿ. ಅದನ್ನು ಕೆಳಗೆ ಮಾಡಿ, ತುದಿ ನಿಮ್ಮ ಕಡೆಗೆ, ಬುಡ ಆಚೆಗೆ ಬರುವಂತೆ ಮೇಜಿನ ಮೇಲಿಡಿ. ಹಕ್ಕಿ ನಿಮಗೆ ಬೆನ್ನು ಹಾಕಿ ರೆಕ್ಕೆ ಮಡಚಿ ಕೂತಾಗ ಗರಿ ಇರುವುದು ಹೀಗೆಯೇ. ಕಿರಿದಾದ ಬದಿ ಎಡಕ್ಕಿದ್ದರೆ ಎಡರೆಕ್ಕೆ, ಬಲಕ್ಕಿದ್ದರೆ ಬಲರೆಕ್ಕೆ. ತುದಿಯನ್ನು ಆಚೆಗೆ ಮಾಡಿಟ್ಟರೆ ಉತ್ತರ ತಿರುಗಮುರುಗ. ತಪ್ಪುವುದು ಅಲ್ಲಿ.

ಕೆಲವು ಆಕಾರಗಳು ಹಕ್ಕಿಯ ಗುಂಪನ್ನೇ ಹೇಳಿಬಿಡುತ್ತವೆ. ರೆಕ್ಕೆ ತುದಿಯ ಉದ್ದ ಗರಿ ನಡುವಿನಿಂದ ಮುಂದಕ್ಕೆ ಇದ್ದಕ್ಕಿದ್ದಂತೆ ಕಿರಿದಾಗಿದ್ದರೆ ಹಾರುವಾಗ ರೆಕ್ಕೆಯ ತುದಿಯನ್ನು ಬೆರಳು ಬಿಡಿಸಿದಂತೆ ಹರಡುವ ಹಕ್ಕಿಯದ್ದು: ಗರುಡ, ಹದ್ದು, ಕಾಗೆ. ದಂಡು ಗಟ್ಟಿಯಾಗಿ, ತುದಿ ಚೂಪಾಗಿ ಸವೆದ ಬಾಲದ ಗರಿ ಮರಕುಟಿಕದ್ದು. ತೆಂಗಿನ ಮರಕ್ಕೆ ಅದು ಬಾಲವನ್ನೇ ಊರುಗೋಲು ಮಾಡಿ ಕೂರುತ್ತದೆ. ಅದಕ್ಕೇ ಬಾಲದ ನಡುವಿನ ಜೋಡಿಯನ್ನು ಉಳಿದವೆಲ್ಲ ಬೆಳೆದ ಮೇಲೆಯೇ ಉದುರಿಸುತ್ತದೆ. ದಂಡಿನ ನಡುಭಾಗ ಬೋಳಾಗಿ ತುದಿಯಲ್ಲಿ ಮಾತ್ರ ಅಲಗಿದ್ದರೆ ಭೀಮರಾಜ. ಮುಟ್ಟಿದರೆ ಮಖಮಲ್ಲಿನ ಹಾಗೆ ಮೆತ್ತಗಿದ್ದು, ಹೊರ ಅಂಚಿನಲ್ಲಿ ಬಾಚಣಿಗೆಯ ಹಲ್ಲು, ಹಿಂದಿನ ಅಂಚಿನಲ್ಲಿ ಕುಚ್ಚು ಇದ್ದರೆ ಗೂಬೆ. ಇವು ಮೂರೂ ಸೇರಿ ರೆಕ್ಕೆಯ ಸದ್ದನ್ನು ನುಂಗುತ್ತವೆ. ಆದರೆ ಹೊಳೆಬದಿಯ ಮೀನುಗೂಬೆಗೆ ಈ ಬಾಚಣಿಗೆ ಇಲ್ಲ, ನೀರೊಳಗಿನ ಮೀನಿಗೆ ರೆಕ್ಕೆ ಸದ್ದು ಕೇಳುವುದಿಲ್ಲವಲ್ಲ.

ನವಿಲಿನ ಉದ್ದ ಕಣ್ಣುಗರಿ ಬಾಲದ್ದಲ್ಲ, ಬಾಲದ ಮೇಲಿನ ಹೊದಿಕೆಯ ಗರಿ. ನಿಜವಾದ ಬಾಲದಲ್ಲಿರುವುದು 20 ಕಂದು ಗರಿ. ಕುಣಿಯುವಾಗ ಹಿಂದಿನಿಂದ ಆಸರೆ ಕೊಡುವುದು ಅವೇ.

ಮೀನು ಹಿಡಿದು ಬಂದ ನೀರುಕಾಗೆ ಕೆರೆ ದಂಡೆಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸುವುದನ್ನು ಗರಿಗೆ ಹಚ್ಚಿಕೊಳ್ಳಲು ಮೈಯ ಎಣ್ಣೆ ಸಾಕಾಗದ ಹಕ್ಕಿ ಎಂದು ವಿವರಿಸುವುದುಂಟು. ನಿಜವಾದ ಕಾರಣ ಗರಿಯ ರಚನೆಯಲ್ಲೇ ಇದೆ. ಅಲಗಿನ ಹೊರಭಾಗ ಸಡಿಲವಾಗಿದ್ದು ನೀರು ಹೀರುತ್ತದೆ, ಒಳಭಾಗ ಹೀರುವುದಿಲ್ಲ. ಮೈ ಭಾರವಾಗಿ ಮುಳುಗುವುದು ಸುಲಭವಾಗುತ್ತದೆ. ಮರಳಿ ಹಾರಬೇಕಾದರೆ ಒಣಗಿಸಿಕೊಳ್ಳಲೇಬೇಕು.

ಈಗ ಬಣ್ಣ

ಗರಿಯ ಬಣ್ಣ ಬರುವುದು ಎರಡು ದಾರಿಯಿಂದ: ಒಳಗೆ ತುಂಬಿದ ವರ್ಣದ್ರವ್ಯದಿಂದ, ಇಲ್ಲವೇ ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ. ಎರಡೂ ಕೂಡಿರುವುದು ಸಾಮಾನ್ಯ.

ಕಪ್ಪು, ಕಂದು, ಬೂದು, ಇಟ್ಟಿಗೆ ಕೆಂಪು ಎಂದರೆ ಮೆಲನಿನ್. ಹಕ್ಕಿ ಅದನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಅದು ಬಣ್ಣದ ಜೊತೆ ಗಟ್ಟಿತನವನ್ನೂ ಕೊಡುತ್ತದೆ. ಗರುಡನ ಮೈ ಕೆಂಗಂದು, ತಲೆ ಬಿಳಿ, ರೆಕ್ಕೆಯ ತುದಿ ಕಪ್ಪು. ಮೋಗ್ರಾಲ್ ಅಳಿವೆಗೆ ಚಳಿಗಾಲದಲ್ಲಿ ಬರುವ ಕಡಲಕ್ಕಿಗಳ ರೆಕ್ಕೆ ತುದಿಯೂ ಕಪ್ಪು. ಗಾಳಿ, ಮರಳಿಗೆ ಹೆಚ್ಚು ಸವೆಯುವುದು ಆ ತುದಿಯೇ. ಕಪ್ಪಿನ ನಡುವೆ ಬಿಳಿಚುಕ್ಕೆಯಿರುವ ಹಳೆಯ ಗರಿ ಸಿಕ್ಕಿದರೆ ನೋಡಿ, ಬಿಳಿ ಇದ್ದಲ್ಲಿ ಅಂಚು ಕಚ್ಚುಕಚ್ಚಾಗಿ ಸವೆದು ಕಪ್ಪು ಉಳಿದಿರುತ್ತದೆ.

ಹಳದಿ, ಕಿತ್ತಳೆ, ಕೆಂಪು ಬಹುಮಟ್ಟಿಗೆ ಆಹಾರದ ಕ್ಯಾರೋಟಿನಾಯ್ಡ್‌ಗಳು. ಹೊನ್ನಕ್ಕಿಯ ಹಳದಿ ಹೀಗೆ ಬಂದದ್ದು. ಗಿಳಿ ಮಾತ್ರ ಈ ದಾರಿ ಬಿಟ್ಟು ತನ್ನದೇ ಬೇರೆ ದ್ರವ್ಯವನ್ನು ಗರಿಯಲ್ಲೇ ತಯಾರಿಸುತ್ತದೆ. ದೊಡ್ಡ ಮಂಗಟ್ಟೆಯ ಕತ್ತು, ರೆಕ್ಕೆಪಟ್ಟಿಯ ಹಳದಿ ಇದಾವುದೂ ಅಲ್ಲ. ಬಾಲದ ಬುಡದ ಎಣ್ಣೆಗ್ರಂಥಿಯಿಂದ ಕೊಕ್ಕಿನಲ್ಲಿ ತೆಗೆದು ಬಿಳಿಗರಿಗೆ ಹಚ್ಚಿಕೊಂಡದ್ದು.

ನೀಲಿಗೆ ವರ್ಣದ್ರವ್ಯವೇ ಇಲ್ಲ. ನೀಲಕಂಠ, ಮಿಂಚುಳ್ಳಿಗಳ ನೀಲಿ, ಎಳೆಯೊಳಗಿನ ಕೆರಾಟಿನ್ (ಗರಿಯನ್ನು ಕಟ್ಟಿದ ಪ್ರೋಟೀನು) ಮತ್ತು ಗಾಳಿಯ ಅತಿಸೂಕ್ಷ್ಮ ರಂಧ್ರಜಾಲ ಬೆಳಕನ್ನು ಚದುರಿಸುವುದರಿಂದ ಹುಟ್ಟುತ್ತದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ ಒಂದು ಲೇಖನ ನೀಲಕಂಠದ ಗರಿಯ ಈ ಬಣ್ಣದ ಮೇಲೆಯೇ. ಹಸಿರು ಎಂದರೆ ಈ ನೀಲಿಯ ಮೇಲೆ ಹಳದಿ ದ್ರವ್ಯ: ಗಿಳಿ, ಕುಟುರ. ಸೂರಕ್ಕಿಯ ಹೊಳಪು, ಪಾರಿವಾಳದ ಕತ್ತಿನ ಮಿರುಗು, ನವಿಲಿನ ಕಣ್ಣು ಇನ್ನೊಂದು ಬಗೆ. ಅಲ್ಲಿ ಕಿರುಎಳೆಯೊಳಗೆ ಮೆಲನಿನ್ ಕಣಗಳು ಪದರ ಪದರವಾಗಿ ಜೋಡಿಸಲ್ಪಟ್ಟಿವೆ, ನೋಡುವ ಕೋನ ಬದಲಾದರೆ ಬಣ್ಣ ಬದಲಾಗುತ್ತದೆ.

ಇವುಗಳನ್ನು ಬೇರ್ಪಡಿಸುವುದು ಹೀಗೆ. ಗರಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿಯಿರಿ. ಹಳದಿ ಹಳದಿಯಾಗಿಯೇ, ಕಂದು ಕಂದಾಗಿಯೇ ಉಳಿದರೆ ವರ್ಣದ್ರವ್ಯ. ನೀಲಿ ಹೋಗಿ ಮಂಕು ಕಂದು ಬಂದರೆ ರಚನೆಯ ಬಣ್ಣ. ಕಂಡದ್ದು ಹಿಂದಿರುವ ಮೆಲನಿನ್. ಆಮೇಲೆ ಗರಿಯನ್ನು ಕೈಯಲ್ಲಿ ನಿಧಾನಕ್ಕೆ ವಾಲಿಸಿ. ವಾಲಿದಂತೆ ಹಸಿರು ನೀಲಿಯಾಗಿ, ನೇರಳೆಯಾಗಿ, ಕಪ್ಪಾಗಿ ಹೋದರೆ ಪದರದ ಬಣ್ಣ. ನೀಲಕಂಠದ ನೀಲಿ ಹಾಗೆ ಓಡಾಡುವುದಿಲ್ಲ. ನವಿಲುಗರಿಯ ನಾಲ್ಕೆಳೆ ಕತ್ತರಿಸಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಜಜ್ಜಿದರೆ ಹೊಳಪು ಹೋಗಿ ಕಂದುಪುಡಿ ಉಳಿಯುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ.

ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಇದ್ದರೆ ಕಣಜ ಗೂಬೆಯ ರೆಕ್ಕೆಗರಿಯ ಅಡಿಮೈ ಮೇಲೆ ಕತ್ತಲಲ್ಲಿ ಬಿಡಿ. ಹೊಸ ಗರಿ ಗುಲಾಬಿ ಬಣ್ಣದಲ್ಲಿ ಬೆಳಗುತ್ತದೆ. ಕಾರಣ ಪಾರ್ಫಿರಿನ್ ಎಂಬ ದ್ರವ್ಯ. ಬೆಳಕಿಗೆ ಅದು ಹಾಳಾಗುವುದರಿಂದ ಹಳೆಯ ಗರಿ ಬೆಳಗುವುದು ಕಡಿಮೆ. ಟಾರ್ಚನ್ನು ಕಣ್ಣಿಗೆ ಬಿಡಬೇಡಿ, ಹಕ್ಕಿಯ ಕಣ್ಣಿಗಂತೂ ಬೇಡವೇ ಬೇಡ.

ಬಣ್ಣ ಬದಲಾಗುವುದು ಯಾವಾಗ

ಬೆಳೆದು ಮುಗಿದ ಗರಿ ನಿರ್ಜೀವ. ರಕ್ತವಿಲ್ಲ, ನರವಿಲ್ಲ, ಹೊಸ ಬಣ್ಣ ಒಳಗೆ ಹೋಗುವುದಿಲ್ಲ. ಹಕ್ಕಿಯ ಬಣ್ಣ ಬದಲಾಗಲು ಗರಿ ಉದುರಿ ಹೊಸತು ಬರಬೇಕು, ಇಲ್ಲವೇ ಇದ್ದ ಗರಿ ಸವೆಯಬೇಕು, ಬಿಸಿಲಿಗೆ ಮಾಸಬೇಕು. ಕಾಜಾಣ, ಕಾಗೆಗಳ ಹಳೆಯ ಗರಿ ಕಂದಾಗುವುದು ಬಿಸಿಲಿಗೆ ಮಾಸಿ. ಪಕ್ಕದಲ್ಲಿ ಬಂದ ಹೊಸ ಗರಿ ಕಡುಗಪ್ಪು. ಎರಡೂ ಒಟ್ಟಿಗಿದ್ದಾಗ ಅದನ್ನು ಬೇರೆ ಜಾತಿ ಎಂದು ಬರೆದುಕೊಳ್ಳುವವರಿದ್ದಾರೆ.

ನಮ್ಮ ಕಡೆ ವರ್ಷದ ಲೆಕ್ಕ ಸುಮಾರು ಹೀಗೆ. ಏಪ್ರಿಲ್, ಮೇ ಹೊತ್ತಿಗೆ ಗೋವಕ್ಕಿಯ ತಲೆ, ಕತ್ತು, ಬೆನ್ನಿಗೆ ಕಿತ್ತಳೆ ಬರುತ್ತದೆ, ಕೊಳದ ಬಕದ ಬೆನ್ನು ಕಡುಗೆಂಪಾಗುತ್ತದೆ. ಮಳೆ ಹಿಡಿದ ಮೇಲೆ ಪೇಟೆಯ ರಸ್ತೆಬದಿಯ ಮರಗಳಲ್ಲಿ ಬಕಗಳ ಗೂಡು. ಆಗಸ್ಟಿನಿಂದ ನವಿಲು ಕಣ್ಣುಗರಿ ಉದುರಿಸುತ್ತದೆ. ಗರಿ ಹುಡುಕಲು ಆಗಲೇ ಹೋಗಬೇಕು, ಬೆಳಗ್ಗೆ, ಅವು ರಾತ್ರಿ ತಂಗುವ ಮರದ ಕೆಳಗೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಶಿರಿಯ, ಚಂದ್ರಗಿರಿ ಅಳಿವೆಗಳಿಗೆ ವಲಸೆ ಗೊರವಗಳು ಬಂದಿಳಿಯುತ್ತವೆ. ಮೊದಲು ಬಂದವುಗಳಲ್ಲಿ ಮರಿಮಾಡಿದ ಕಾಲದ ಬಣ್ಣದ ತುಂಡುಗಳು ಉಳಿದಿರುತ್ತವೆ: ಚಿನ್ನದ ಚುಕ್ಕೆಯ ಗೊರವದ ಹೊಟ್ಟೆಯಲ್ಲಿ ಹರಿದ ಕಪ್ಪುಮಚ್ಚೆ ನೋಡಿ. ನಡುಚಳಿಗೆ ಎಲ್ಲವೂ ಮಂಕು, ಒಂದನ್ನೊಂದು ಬೇರೆ ಮಾಡುವುದು ಕಷ್ಟ. ಹೊಸಬರು ಅಭ್ಯಾಸಕ್ಕೆ ಏಪ್ರಿಲ್ ಆರಿಸಿಕೊಳ್ಳುವುದು ಒಳ್ಳೆಯದು, ಹೊರಡುವ ಮೊದಲು ಬಣ್ಣ ತಿರುಗಿ ಬಂದಿರುತ್ತದೆ. ಕಂದುತಲೆಯ ಕಡಲಕ್ಕಿಗೂ ಹಾಗೆಯೇ. ಚಳಿಗಾಲದಲ್ಲಿ ಕಿವಿಯ ಬಳಿ ಒಂದು ಕಪ್ಪು ಮಚ್ಚೆ ಮಾತ್ರ, ಹೊರಡುವ ಹೊತ್ತಿಗೆ ಇಡೀ ತಲೆ ಕಂದು. ಮರಿ ಮಾಡಿ ಮುಗಿದ ಮೇಲೆ ಕಪ್ಪುನೇರಳೆ ಸೂರಕ್ಕಿಯ ಗಂಡು ಹೆಣ್ಣಿನ ಬಣ್ಣಕ್ಕಿಳಿದು, ಎದೆಯ ನಡುವೆ ಕಪ್ಪು ಗೀಟು ಮಾತ್ರ ಉಳಿಸಿಕೊಳ್ಳುತ್ತದೆ.

ಕೆಮ್ಮೀಸೆ ಪಿಕಳಾರದ ಮರಿಗೆ ಮೀಸೆ ಇಲ್ಲ, ಬಾಲದಡಿಯ ಕೆಂಪು ಮಂಕು ಕಿತ್ತಳೆ. ಅದು ರೋಗವಲ್ಲ.

ಉದುರುವಿಕೆಯನ್ನು ಅಂಕಿಯಲ್ಲಿ ಬರೆಯುವುದು

ಹೆಚ್ಚಿನ ಹಕ್ಕಿಗಳು ಹೊರರೆಕ್ಕೆಯ ಒಳತುದಿಯಿಂದ ಶುರುಮಾಡಿ ಹೊರಕ್ಕೆ ಒಂದೊಂದಾಗಿ ಗರಿ ಬದಲಿಸುತ್ತವೆ, ಎರಡು ರೆಕ್ಕೆಯಲ್ಲೂ ಏಕಕಾಲಕ್ಕೆ. ಹಾರಾಟ ಕೆಡಬಾರದಲ್ಲ. ಗುಳುಮುಳುಕ, ಅನೇಕ ಬಾತುಗಳು ಒಮ್ಮೆಗೇ ಎಲ್ಲವನ್ನೂ ಬಿಟ್ಟು ಕೆಲವು ವಾರ ಹಾರದೆ ನೀರಲ್ಲೇ ಕಳೆಯುತ್ತವೆ. ಪೊಟರೆಯೊಳಗೆ ಮುಚ್ಚಿಕೊಂಡ ಹೆಣ್ಣು ಮಂಗಟ್ಟೆ ಅಲ್ಲೇ ಕೂತು ರೆಕ್ಕೆ, ಬಾಲದ ಗರಿ ಬದಲಿಸುತ್ತದೆ.

ಅಭ್ಯಾಸಕ್ಕೆ ಕಾಗೆಯೇ ಸಾಕು. ಮರಿ ಎಬ್ಬಿಸಿದ ನಂತರದ ಮಳೆಗಾಲದಲ್ಲಿ ತಲೆಯ ಮೇಲೆ ಹಾರುವಾಗ ಫೋಟೋ ತೆಗೆಯಿರಿ. ಶಟರ್ ಸೆಕೆಂಡಿನ 1/2000 ಅಥವಾ ಅದಕ್ಕಿಂತ ವೇಗ, ಮೋಡದ ಆಕಾಶವಾದರೆ ಎಕ್ಸ್‌ಪೋಶರ್ (ಫೋಟೋದ ಬೆಳಕಿನ ಮಟ್ಟ) +1. ಬೆಳ್ಳಕ್ಕಿಗೆ ಬಿಸಿಲಲ್ಲಿ ಇದೇ −1 ಆಗಬೇಕು. ಹತ್ತು ಹೊರಗರಿಗೆ ಒಳಗಿನಿಂದ ಅಂಕ ಕೊಡಿ: ಹಳೆಯದಕ್ಕೆ 0, ಇಲ್ಲದಿದ್ದರೆ ಅಥವಾ ಮುಳ್ಳಿನ ಹಂತದಲ್ಲಿದ್ದರೆ (ಹೊಸ ಗರಿ ಮುಳ್ಳಿನಂತೆ ಆಗಷ್ಟೇ ಮೊಳೆತಿದ್ದರೆ) 1, ಮೂರನೇ ಒಂದು ಭಾಗದವರೆಗೆ ಬೆಳೆದಿದ್ದರೆ 2, ಮೂರನೇ ಎರಡು ಭಾಗದವರೆಗೆ 3, ಅದಕ್ಕೂ ಮೀರಿ ಇನ್ನೂ ಬೆಳೆಯುತ್ತಿದ್ದರೆ 4, ಪೂರ್ಣ ಹೊಸತಾದರೆ 5. ಒಳಗಿನ ಐದು ಹೊಸತು, ಆರನೆಯದು ಅರ್ಧ, ಏಳನೆಯದು ಇಲ್ಲ, ಉಳಿದ ಮೂರು ಹಳೆಯವು ಎಂದಾದರೆ 25+3+1, ಒಟ್ಟು 29. ಪೂರ್ತಿ 50 ಆದರೆ ಕೆಲಸ ಮುಗಿಯಿತು. ವಾರಕ್ಕೊಮ್ಮೆ ಅದೇ ಜಾಗದಲ್ಲಿ ಬರೆದಿಟ್ಟರೆ ನಿಮ್ಮ ಊರಿನ ಕಾಗೆಗಳ ವೇಗ ತಿಳಿಯುತ್ತದೆ.

ಒಂದೇ ರೆಕ್ಕೆಯಲ್ಲಿ ಖಾಲಿ ಜಾಗ ಇದ್ದರೆ ಅದು ಉದುರುವ ಕಾಲದ್ದಲ್ಲ, ಏಟು ಬಿದ್ದದ್ದು. ಬುಡಸಮೇತ ಕಿತ್ತುಹೋದ ಗರಿ ಕೂಡಲೇ ಮತ್ತೆ ಹುಟ್ಟುತ್ತದೆ. ನಡುವೆ ಮುರಿದದ್ದು ಅಥವಾ ಕತ್ತರಿಸಿದ್ದು ಮುಂದಿನ ಉದುರುವಿಕೆಯವರೆಗೆ ಹಾಗೆಯೇ.

ಗರಿಯನ್ನು ಓರೆಬೆಳಕಿಗೆ ಹಿಡಿದರೆ ಅಡ್ಡಲಾಗಿ ತೆಳು ಪಟ್ಟೆಗಳು ಕಾಣಬಹುದು. ಒಂದು ಕಪ್ಪು, ಒಂದು ತಿಳಿ ಸೇರಿದರೆ ಸುಮಾರು ಒಂದು ದಿನದ ಬೆಳವಣಿಗೆ. ಹತ್ತು ಜೋಡಿ ಅಳೆದು ಹತ್ತರಿಂದ ಭಾಗಿಸಿ. ಪಟ್ಟೆಯ ಬದಲು ಎಳೆಯೇ ಸಣಕಲಾದ ಪಾರದರ್ಶಕ ಗೀಟು ಇದ್ದರೆ ಆ ದಿನ ಹಕ್ಕಿ ಹಸಿದಿತ್ತು ಅಥವಾ ಬೆದರಿತ್ತು. ಗರಿ ಮುರಿಯುವುದೂ ಅಲ್ಲೇ. ಬಾಲದ ಎಲ್ಲ ಗರಿಗಳಲ್ಲಿ ಈ ಗೀಟು ಒಂದೇ ಸಾಲಿನಲ್ಲಿದ್ದರೆ ಅದು ಹೆಚ್ಚಾಗಿ ಆ ವರ್ಷದ ಮರಿ, ಗೂಡಿನಲ್ಲಿ ಬಾಲವೆಲ್ಲ ಒಟ್ಟಿಗೆ ಬೆಳೆದದ್ದರಿಂದ.

ಮನೆಯ ಕೋಳಿ ಬೋಳಾದರೆ

ಹಗಲು ಕಿರಿದಾಗುವ ಕಾಲದಲ್ಲಿ, ಒಂದು ವರ್ಷ ದಾಟಿದ ಹೇಂಟೆ ಗರಿ ಉದುರಿಸಿ ಮೊಟ್ಟೆ ನಿಲ್ಲಿಸುತ್ತದೆ. ಸಾಮಾನ್ಯವಾಗಿ 8ರಿಂದ 12 ವಾರ. ತಲೆ, ಕತ್ತಿನಿಂದ ಶುರುವಾಗಿ ಎದೆ, ಮೈ, ರೆಕ್ಕೆ, ಬಾಲಕ್ಕೆ ಇಳಿದರೆ ಸಹಜ. ಬೆನ್ನು ಮಾತ್ರ ಬೋಳಾದರೆ ಹುಂಜನ ಕಾಟ, ಹುಂಜ ಹೆಚ್ಚಾಗಿದೆ. ಗುದದ ಸುತ್ತ ಬೋಳಾಗಿ ಕೆಂಪಾಗಿದ್ದರೆ ಹೇನು ಅಥವಾ ಒಂದನ್ನೊಂದು ಕುಕ್ಕುವುದು. ಗರಿಯ ಬುಡಕ್ಕೆ ಬಿಳಿ ಮೊಟ್ಟೆಗಳ ಗಂಟು ಅಂಟಿದೆಯೇ ನೋಡಿ. ಮುಳ್ಳುಗರಿ ಮೊಳೆಯುತ್ತಿದೆಯೇ ಎಂಬುದು ನಿರ್ಣಾಯಕ. ಉದುರಿದಲ್ಲಿ ಮುಳ್ಳು ಕಾಣದೆ ವಾರಗಟ್ಟಲೆ ಬೋಳಾಗಿಯೇ ಇದ್ದರೆ ಡಾಕ್ಟರಿಗೆ ತೋರಿಸಿ.

ಗರಿಯೆಂದರೆ ಬಹುಪಾಲು ಪ್ರೋಟೀನು. ಈ ಕಾಲದಲ್ಲಿ ತೌಡು, ಅನ್ನ ಮಾತ್ರ ಹಾಕಿದರೆ ಗರಿ ನಿಧಾನ, ಬಂದದ್ದೂ ಬಲಹೀನ. ಆಹಾರದಲ್ಲಿ ಪ್ರೋಟೀನು 18ರಿಂದ 20 ಶೇಕಡಾ ಇರಲಿ: ನೆಲಗಡಲೆ ಹಿಂಡಿ, ಬೇಯಿಸಿದ ಬೂತಾಯಿ ತಲೆ, ಉಪ್ಪು ಹಾಕದ ಒಣಮೀನು. ಉಪ್ಪುಮೀನು ಕೊಡಬೇಡಿ. ಮೈಗೆ ಕೈಹಾಕಿ ಹಿಡಿಯುವುದನ್ನೂ ಕಡಿಮೆ ಮಾಡಿ. ಮುಳ್ಳುಗರಿಯೊಳಗೆ ರಕ್ತ ಇರುತ್ತದೆ, ಒತ್ತಿದರೆ ನೋವು. ಅದು ಮುರಿದು ರಕ್ತ ಬಂದರೆ ಚೊಕ್ಕ ಬಟ್ಟೆಯಲ್ಲಿ ಐದು ನಿಮಿಷ ಒತ್ತಿಹಿಡಿದು ಜೋಳದ ಹಿಟ್ಟು ಉದುರಿಸಿ, ಉಳಿದ ಕೋಳಿಗಳಿಂದ ಬೇರೆ ಇಡಿ. ರಕ್ತ ಕಂಡರೆ ಅವು ಕುಕ್ಕದೆ ಬಿಡುವುದಿಲ್ಲ.

ಸಾಕಲು ಯಾವ ಹೇಂಟೆಯನ್ನು ಉಳಿಸಬೇಕೆಂದೂ ಗರಿ ಹೇಳುತ್ತದೆ. ರೆಕ್ಕೆಯ ಗರಿ ಪೂರ್ತಿ ಬೆಳೆಯಲು ಸುಮಾರು ಆರು ವಾರ. ಬೇಗ ಶುರುಮಾಡಿ ಒಂದೊಂದೇ ಉದುರಿಸುವ ಹೇಂಟೆ ತಿಂಗಳುಗಟ್ಟಲೆ ಮೊಟ್ಟೆ ಇಡುವುದಿಲ್ಲ. ತಡವಾಗಿ ಶುರುಮಾಡಿ ಮೂರು ನಾಲ್ಕು ಗರಿ ಒಟ್ಟಿಗೆ ಬಿಟ್ಟು, ನೋಡಲು ಗತಿಗೆಟ್ಟಂತೆ ಕಾಣುವುದೇ ಒಳ್ಳೆಯ ಮೊಟ್ಟೆಯ ಕೋಳಿ.

ಕೂಡಿಡುವುದಾದರೆ

ಕೋಳಿ, ನವಿಲುಗರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಮೂರು ದಿನ ಇಡಿ, ಹೊರತೆಗೆದು ಒಂದು ದಿನ ಬಿಟ್ಟು ಮತ್ತೆ ಮೂರು ದಿನ. ಹೇನು, ಹುಳ ಸಾಯುತ್ತವೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶ್ಯಾಂಪೂ ಹಾಕಿ ಬುಡದಿಂದ ತುದಿಗೆ ಸವರಿ ತೊಳೆಯಿರಿ. ತಿಕ್ಕಬಾರದು, ಕುದಿನೀರು ಬೇಡ. ಫ್ಯಾನಿನ ಗಾಳಿಗೆ ಒಣಗಿಸಿ, ಅರ್ಧ ಒಣಗಿದಾಗಲೇ ಬೆರಳಲ್ಲಿ ಎಳೆ ಕೂಡಿಸಿ. ಬಗ್ಗಿದ ದಂಡನ್ನು ಇಡ್ಲಿಪಾತ್ರೆಯ ಹಬೆಗೆ ಹತ್ತು ಸೆಕೆಂಡು ಹಿಡಿದು ನೇರ ಮಾಡಬಹುದು.

ನಮ್ಮ ಮಳೆಗಾಲದಲ್ಲಿ ಬೂಷ್ಟು ದೊಡ್ಡ ಶತ್ರು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೊಟ್ಟಣವನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಅಥವಾ ಬಾಣಲೆಯ ಸಣ್ಣ ಕಾವಿಗೆ ಒಣಗಿಸಿ. ಕೃಷ್ಣವೇಷದ ನವಿಲುಗರಿಯನ್ನು ಯಕ್ಷಗಾನ ಆಟದ ಪೆಟ್ಟಿಗೆಯಲ್ಲಿ ಬೆವರು ಬಟ್ಟೆಯ ಜೊತೆ ತುರುಕುವುದರಿಂದಲೇ ಅದು ಒಂದೇ ಮಳೆಗಾಲಕ್ಕೆ ಹಾಳಾಗುವುದು. ಡಬ್ಬದ ತಳದಲ್ಲಿ ಕಂದುಪುಡಿ, ರೋಮವಿರುವ ಸಣ್ಣ ಹುಳದ ಪೊರೆ ಕಂಡರೆ ಕೆರಾಟಿನ್ ತಿನ್ನುವ ಜೀರುಂಡೆ ಹೊಕ್ಕಿದೆ. ಎಲ್ಲವನ್ನೂ ಮತ್ತೆ ಫ್ರೀಜರಿಗೆ ಹಾಕಿ, ಡಬ್ಬ ತೊಳೆದು ಒಣಗಿಸಿ. ನ್ಯಾಫ್ತಲೀನ್ ಗುಳಿಗೆ ಹಾಕುವುದಾದರೆ ಗರಿಗೆ ತಾಗದಂತೆ ಕಾಗದದಲ್ಲಿ ಸುತ್ತಿಡಿ, ಮಕ್ಕಳ ಕೈಗೆ ಸಿಗದ ಕಡೆ.